ಮಗುವಿನ ಎದೆಮಟ್ಟದ ಗಾಳಿ

ಮಂಗಳವಾರ, ಹತ್ತನೇ ತಾರೀಖು
ಅಂಗಡಿಯಿಂದ, ಮಧ್ಯಾಹ್ನ

ಮಗಳ ಅಪ್ಪನಿಗೆ,

‘ಪ್ರೀತಿಯ’ ಎಂದು ಶುರು ಮಾಡಿದ ಹಾಳೆಯನ್ನು ಹರಿದುಹಾಕಿದೆ. ‘ಮಾನ್ಯರೇ’ ಎಂದು ಶುರು ಮಾಡಿದ್ದನ್ನೂ ಹರಿದೆ, ಅದು ಕರೆಂಟಿನ ಆಫೀಸಿಗೆ ಕೊಡುವ ಅರ್ಜಿಯ ಹಾಗಿತ್ತು. ಕೊನೆಗೆ ನಮ್ಮಿಬ್ಬರ ನಡುವೆ ತಕರಾರಿಲ್ಲದೆ ಉಳಿದಿರುವ ನಂಟು ಯಾವುದೋ ಅದನ್ನೇ ಹಿಡಿದು ಕರೆದಿದ್ದೇನೆ. ನಾನು ಕ್ಷೇಮ. ನೀವೂ ಕ್ಷೇಮವೆಂದು ಮಗಳು ಹೇಳಿದಳು. ಮೊಣಕಾಲು ನೋವಂತೆ, ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತೀರಂತೆ, ಅದನ್ನೂ ಹೇಳಿದಳು.

ನಾನು ನಿಮ್ಮೂರಿಗೆ ಬರುವ ಸುದ್ದಿ ಮಗಳಿಂದ ತಿಳಿದು ನೀವು ಬರೆದ ಕಾಗದ ಬಂತು. ಹನ್ನೊಂದು ವರ್ಷದ ಮೇಲೆ ಹೆಂಡತಿಗೆ ಬರೆದ ಮೊದಲ ಕಾಗದ, ಅದರಲ್ಲಿ ಹವಾಮಾನ ಬಿಟ್ಟು ಇನ್ನೊಂದು ಮಾತಿಲ್ಲ! ಹುಟ್ಟುಗುಣ ಸುಟ್ಟರೂ ಹೋಗದು ಎಂದುಕೊಂಡೆ. ನಾಲ್ಕು ಪುಟ. ಬೆಳಗ್ಗೆ ಹದಿನೆಂಟು ಡಿಗ್ರಿ, ಮಧ್ಯಾಹ್ನ ಇಪ್ಪತ್ತೈದು. ದಪ್ಪ ಕೋಟು ಬೇಡ, ಬೆಳಗಿನ ಮಂಜಿಗೆ ತೆಳು ಶಾಲು ಸಾಕು. ಚರ್ಮದ ಚಪ್ಪಲಿಗೆ ವಾರದೊಳಗೆ ಬೂಷ್ಟು ಹಿಡಿಯುತ್ತದೆ, ಕತ್ತರಿಗೆ ತುಕ್ಕು. ಬಟ್ಟೆ ಒಣಗುವುದಕ್ಕೆ ಎರಡು ದಿನ ಬೇಕು, ಆದ್ದರಿಂದ ಒಂದು ಜೊತೆ ಹೆಚ್ಚಿಗೆ ಇರಲಿ. ಹವಾಮಾನ ಕೇಂದ್ರದಲ್ಲಿ ಕೂತು ಆಕಾಶ ನೋಡಿ ಸಂಬಳ ತೆಗೆದುಕೊಳ್ಳುವ ಮನುಷ್ಯನಿಂದ ಇನ್ನೇನು ಬರಬೇಕು ಹೇಳಿ.

ಮೊದಲು ಒಂದು ಮಾತು ಇತ್ಯರ್ಥವಾಗಲಿ. ನಾನು ನಿಮ್ಮ ಊರಿಗೆ ಬರುತ್ತಿದ್ದೇನೆ, ನಿಮ್ಮ ಮನೆಗಲ್ಲ. ಬಂದರಿನ ಪಕ್ಕ ದೋಣಿಗೆ ಹಾಯಿ, ಅಂಗಡಿಗೆ ಬಿಸಿಲಮರೆ ಹೊಲಿಯುವ ಕಾರ್ಖಾನೆ ಇದೆಯಲ್ಲ, ಅಲ್ಲಿ ಹನ್ನೆರಡು ಹೆಣ್ಣುಮಕ್ಕಳಿಗೆ ದಪ್ಪ ಬಟ್ಟೆಯ ಕೈಹೊಲಿಗೆ ಕಲಿಸುವುದಕ್ಕೆ ನನ್ನನ್ನು ಕರೆದಿದ್ದಾರೆ. ಮೂವತ್ತು ವರ್ಷ ಈ ಚಳಿಯೂರಿನಲ್ಲಿ ಕೋಟು ಹೊಲಿದ ಕೈ ಇದು, ಹಾಯಿಗೆ ಹೆದರುತ್ತದೆಯೇ? ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆ ಗೊತ್ತು ಮಾಡಿಕೊಂಡಿದ್ದೇನೆ. ‘ಒಂದು ಪೆಟ್ಟಿಗೆ ಸಾಕು, ಹೊದಿಕೆ ಇಲ್ಲಿದೆ’ ಎಂದು ಬರೆದಿದ್ದೀರಿ. ನನ್ನ ಹೊದಿಕೆ ನಾನು ತರುತ್ತೇನೆ. ಮೂರು ಪೆಟ್ಟಿಗೆ. ಒಂದರಲ್ಲಿ ಬಟ್ಟೆ, ಉಳಿದೆರಡರಲ್ಲಿ ಕಸುಬು. ಸೂಜಿಗಳನ್ನೆಲ್ಲ ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿದ್ದೇನೆ. ತುಕ್ಕಿನ ವಿಷಯ ನೀವು ಬರೆದದ್ದು ಉಪಕಾರವಾಯಿತು, ಇಲ್ಲವೆನ್ನುವುದಿಲ್ಲ.

ಕೋಟುಗಳನ್ನು ಮಾತ್ರ ಏನು ಮಾಡುವುದೆಂದು ತಿಳಿಯದೆ ಎರಡು ದಿನ ಅವುಗಳ ಮುಂದೆ ಕೂತಿದ್ದೆ. ಕೊನೆಗೆ ಎದುರು ಅಂಗಡಿಯ ಬಳೆಯವಳಿಗೆ ಒಂದು, ಅಂಚೆಯವನ ಹೆಂಡತಿಗೆ ಒಂದು ಕೊಟ್ಟೆ. ಅವಳು ಹಾಕಿಕೊಂಡು ಕನ್ನಡಿ ನೋಡಿ, “ಅಕ್ಕಾ, ಮತ್ತೆ ವಾಪಸ್ ಬಂದ್ರೆ ಕೇಳ್ಬಾರ್ದು” ಎಂದಳು. ಕೇಳುವುದಿಲ್ಲ ಎಂದೆ. ಬಾಯಿಂದ ಹೊರಬಿದ್ದ ಮೇಲೆಯೇ ನನಗೂ ಅದು ಖಾತ್ರಿಯಾಯಿತು.

ಆಮೇಲೆ ನಿಮ್ಮ ನಾಲ್ಕನೇ ಪುಟ. ಮೂರು ಪುಟಕ್ಕೇ ಸಾಕಾಗಿ ಮಡಚಿಟ್ಟಿದ್ದೆ, ನಿನ್ನೆ ಓದಿದೆ. ಸಂಜೆ ಐದೂಮುಕ್ಕಾಲಕ್ಕೆ ಗಾಳಿ ದಿಕ್ಕು ಬದಲಿಸುತ್ತದೆ, ಅರ್ಧ ಗಂಟೆಯಲ್ಲಿ ಆರು ಡಿಗ್ರಿ ಇಳಿಯುತ್ತದೆ, ಸರಾಸರಿಯಲ್ಲಿ ಇದು ಕಾಣುವುದಿಲ್ಲ ಎಂದು ಬರೆದಿದ್ದೀರಿ. ಕೆಳಗೆ ಸಣ್ಣ ಅಕ್ಷರದಲ್ಲಿ, ಇದು ಕೇಂದ್ರದ ಅಳತೆಯಲ್ಲ, ದಡದಲ್ಲಿ ಮರಳಿನಿಂದ ಮೂರಡಿ ಎತ್ತರದಲ್ಲಿ ತೆಗೆದದ್ದು, ಹನ್ನೊಂದು ವರ್ಷದ ದಾಖಲೆ ಎಂದಿದೆ.

ಅಳತೆ ನನ್ನ ಕಸುಬು. ನೆಲದಿಂದ ಮೂರಡಿಗೆ ಏನು ಬರುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಏಳು ವರ್ಷದ ಮಗುವಿನ ಎದೆ.

ಮಗಳನ್ನು ಕೇಳಿದೆ. ಪ್ರತಿ ರಜೆಯಲ್ಲೂ ನಿಮ್ಮ ಜೊತೆ ಇದ್ದು ಬರುವವಳು, ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ. “ಹೌದಮ್ಮಾ, ಕೋಲಿಗೆ ಥರ್ಮಾಮೀಟರ್ ಕಟ್ಕೊಂಡು ದಿನಾ ಸಂಜೆ ಹೋಗ್ತಾರೆ. ಮಳೆ ಬಂದ್ರೆ ಕೊಡೆ ಹಿಡ್ಕೊಂಡು ಹೋಗ್ತಾರೆ. ದೋಣಿಯವರೆಲ್ಲ ಕೋಲುಮೇಷ್ಟ್ರು ಅಂತಾರೆ” ಎಂದಳು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಅತ್ತೆ ಎಂದು ಬರೆಯುವುದಕ್ಕೆ ನನಗೇನೂ ನಾಚಿಕೆಯಿಲ್ಲ.

ನಿಮಗೆ ಅಲ್ಲಿಗೆ ವರ್ಗವಾದ ವರ್ಷ ನಾನು ಮಗುವನ್ನು ಕರೆದುಕೊಂಡು ಸಂಸಾರ ಹೂಡುವುದಕ್ಕೆಂದೇ ಬಂದಿದ್ದೆ. ಹವೆ ಹಿತವಾಗಿದೆ, ಸರಾಸರಿ ಇಪ್ಪತ್ತೆರಡು, ಬೆಚ್ಚನೆ ಬಟ್ಟೆ ಹೊತ್ತು ತರಬೇಡ ಎಂದು ನೀವು ಆಗಲೂ ಬರೆದಿದ್ದಿರಿ. ನಾಲ್ಕನೇ ದಿನ ಸಂಜೆ ಮೂವರೂ ದಡಕ್ಕೆ ಹೋದೆವು. ಗಾಳಿ ತಿರುಗಿತು. ಮಗು ನಡುಗುತ್ತ ಮನೆ ಸೇರಿತು. ಆಮೇಲೆ ಜ್ವರ, ಒಂಬತ್ತು ದಿನ ಆಸ್ಪತ್ರೆ. ನರ್ಸಿನ ಎದುರಿಗೇ ನಾನು, “ನಿಮ್ಮ ಸರಾಸರಿ ನನ್ನ ಮಗೂನ ಕೊಲ್ತಿತ್ತು” ಎಂದೆ. ನೀವು ತಲೆ ತಗ್ಗಿಸಿ ನಿಂತಿದ್ದಿರಿ. ಹತ್ತನೇ ದಿನ ಅವಳನ್ನು ಎತ್ತಿಕೊಂಡು ರೈಲು ಹತ್ತಿದವಳು ತಿರುಗಿ ನೋಡಲಿಲ್ಲ. ಯಾರು ಕೇಳಿದರೂ ಹನ್ನೊಂದು ವರ್ಷ ಇದೇ ಕಥೆ ಹೇಳಿದ್ದೇನೆ.

ಈಗ ಕೇಳಿ. ಆ ಸಂಜೆ ನನ್ನ ಹೆಗಲ ಚೀಲದಲ್ಲಿ ಮಗುವಿನ ಸ್ವೆಟರ್ ಇತ್ತು.

ನಿಮ್ಮ ಮಾತು ನಂಬದೆ ತಂದಿದ್ದೆ. ಆ ಮಧ್ಯಾಹ್ನ ನೀವು ನಿಮ್ಮ ಆಫೀಸಿನವನ ಮುಂದೆ, “ಇವಳನ್ನ ಒಲೆ ಮುಂದೆ ಕೂರಿಸಿದ್ರೂ ಕೋಟು ಹೊಲೀತಾಳೆ” ಎಂದು ನಕ್ಕಿರಿ. ಅವನೂ ನಕ್ಕ. ನನಗೆ ಮೈಯೆಲ್ಲ ಉರಿಯಿತು. ಗಾಳಿ ತಿರುಗಿದಾಗ ಅಂದುಕೊಂಡೆ, ಹತ್ತು ನಿಮಿಷ ನಡುಗಲಿ, ಇವರು ಕಣ್ಣಾರೆ ನೋಡಲಿ, ನೀನು ಹೇಳಿದ್ದೇ ಸರಿ ಎಂದು ಬಾಯಿ ಬಿಟ್ಟು ಅನ್ನಲಿ, ಆಮೇಲೆ ತೆಗೆದರಾಯಿತು ಎಂದು. ನೀವು ಮೋಡ ನೋಡುತ್ತಿದ್ದಿರಿ, ಏನೂ ಅನ್ನಲಿಲ್ಲ. ಹತ್ತು ನಿಮಿಷ ಮುಕ್ಕಾಲು ಗಂಟೆಯಾಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ನಡುವೆ ಸಿಕ್ಕಿದ್ದು ಮಗು. ನೀವು ಡಾಕ್ಟರನ್ನು ಕರೆತರಲು ಓಡಿದಾಗ ಸ್ವೆಟರನ್ನು ಪೆಟ್ಟಿಗೆಯ ತಳಕ್ಕೆ ತುರುಕಿದೆ. ಜ್ವರ ಆ ಗಾಳಿಯಿಂದಲೇ ಬಂತೋ ಇಲ್ಲವೋ, ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ಮಗು ನಡುಗಿದ್ದು ಮಾತ್ರ ನನ್ನಿಂದ.

ಅಲ್ಲಿಗೆ ಬಂದ ಮೇಲೆ ಸಮಯ ನೋಡಿ ಹೇಳಬಹುದಿತ್ತು. ಸಮಯ ನೋಡುತ್ತಲೇ ಹನ್ನೊಂದು ವರ್ಷ ಕಳೆದಿದ್ದೇನೆ, ಇನ್ನು ಸಾಕು. ನಾನು ರೈಲು ಹತ್ತುವ ಮೊದಲೇ ನಿಮಗೆ ಇದು ಗೊತ್ತಿರಬೇಕು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ, ಗೊತ್ತು. ಕ್ಷಮಿಸಿ ಎಂದು ಕೇಳುತ್ತೇನೆ, ಕ್ಷಮಿಸಲೇಬೇಕೆಂದು ಹಟ ಮಾಡುವುದಿಲ್ಲ. ಆ ಕೋಲನ್ನು ಮಾತ್ರ ಇನ್ನು ಕೆಳಗಿಡಿ. ಅದು ನೀವು ಹೊರಬೇಕಾದದ್ದಲ್ಲ.

ಶನಿವಾರ ಮಧ್ಯಾಹ್ನದ ರೈಲಿಗೆ ಇಳಿಯುತ್ತೇನೆ. ನೀವು ಬಂದರೂ ಬರುತ್ತೇನೆ, ಬರದಿದ್ದರೂ ಬರುತ್ತೇನೆ. ಪೆಟ್ಟಿಗೆಗಳಿಗೆ ಗಾಡಿ ಹೇಳಿಯಾಗಿದೆ, ನಿಮ್ಮ ಮೊಣಕಾಲಿಗೆ ಕೆಲಸ ಕೊಡುವುದಿಲ್ಲ. ಸೋಮವಾರ ಬೆಳಗ್ಗೆ ಎಂಟಕ್ಕೆ ಕಾರ್ಖಾನೆಯಲ್ಲಿರಬೇಕು. ಭಾನುವಾರ ಸಂಜೆ ಐದೂವರೆಗೆ ದಡಕ್ಕೆ ಬಂದು ನಿಲ್ಲುತ್ತೇನೆ. ಬೈಯುವುದಿದ್ದರೆ ಅಲ್ಲಿ ಬೈಯಿರಿ. ಗಾಳಿ ಜೋರಿರುತ್ತದೆ, ಊರಿಗೆ ಕೇಳಿಸುವುದಿಲ್ಲ.

ಇಷ್ಟು ಬರೆದ ಮೇಲೂ ಹೊರಡಲು ಧೈರ್ಯವಿರುವ,
ಮಗಳ ಅಮ್ಮ

ಮರುಟಿಪ್ಪಣಿ: ಲಕೋಟೆ ಅಂಟಿಸುವ ಮೊದಲು ಇದನ್ನು ಮಗಳಿಗೆ ಓದಿ ಹೇಳಿದೆ. ಅವಳಿಗೂ ಗೊತ್ತಾಗಬೇಕಲ್ಲ. ಅವಳು ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಡದೆಯೇ, “ನಂಗೆ ಗೊತ್ತಿತ್ತಮ್ಮಾ. ಚೀಲದಿಂದ ಅದರ ತೋಳು ಕಾಣ್ತಿತ್ತು” ಎಂದಳು. ಮತ್ತೆ ಯಾಕೆ ಕೇಳಲಿಲ್ಲ ಎಂದೆ. “ಅವತ್ತು ಒಂದು ಕಡೆ ನೀನು, ಇನ್ನೊಂದು ಕಡೆ ಅಪ್ಪ ನನ್ನ ಕೈ ಹಿಡ್ಕೊಂಡಿದ್ರಿ. ಸ್ವೆಟರ್ ಹಾಕ್ಕೋಬೇಕಂದ್ರೆ ಎರಡೂ ಕೈ ಬಿಡಬೇಕಿತ್ತಲ್ಲ” ಎಂದಳು.