ಐಸ್‌ಕ್ರೀಂ ಕೊಟ್ಟವನು ನಾನೇ

ಮಂಜೇಶ್ವರ
ನವೆಂಬರ್ 16

ಪ್ರವೀಣ್ ಭಾವನಿಗೆ ಲತೇಶನ ನಮಸ್ಕಾರ.

ಅಲ್ಲಿ ಪರದೇಶದಲ್ಲಿ ನೀವು ಸೌಖ್ಯ ಎಂದುಕೊಂಡಿದ್ದೇನೆ. ಬರೆಯಲು ತಡವಾಯಿತು. ಸಿಟ್ಟಿನಲ್ಲಿ ಬರೆದದ್ದನ್ನೆಲ್ಲ ಹರಿದು ಹಾಕಿದೆ. ಇದೂ ಸಿಟ್ಟಿನದ್ದೇ, ಆದರೆ ಹರಿಯುವುದಿಲ್ಲ. ನನ್ನ ನಂಬರನ್ನು ನೀವು ಬ್ಲಾಕ್ ಮಾಡಿದ್ದೀರಿ. ಮೊಗ್ರಾಲಿನ ಶರತ್ಚಂದ್ರ ರಜೆ ಮುಗಿಸಿ ನಿಮ್ಮ ಕಂಪನಿಗೆ ವಾಪಸ್ ಬರುತ್ತಿದ್ದಾನೆ, ಅವನ ಬ್ಯಾಗಿನಲ್ಲಿ ಹಾಕಿ ಕಳಿಸುತ್ತಿದ್ದೇನೆ.

ಮೊದಲು ನಿಮ್ಮ ಮಗಳ ಸುದ್ದಿ. ಕ್ಷಮಾ ಹುಷಾರಿದ್ದಾಳೆ. ಟಾನ್ಸಿಲ್ ತೆಗೆದ ಮೇಲೆ ಗೊರಕೆ ನಿಂತಿದೆಯಂತೆ. ಮೊದಲೆಲ್ಲ ನಿದ್ದೆಯಲ್ಲಿ ಉಸಿರು ಕಟ್ಟಿ ಎದ್ದು ಕೂರುತ್ತಿದ್ದಳಲ್ಲ, ಅದೂ ಇಲ್ಲವಂತೆ. 'ಅಂತೆ' ಎಂದು ಬರೆಯಬೇಕಾಗಿ ಬಂದದ್ದು ನಿಮ್ಮಿಂದ.

ಮಂಗಳೂರಿನ ಆಸ್ಪತ್ರೆಯಿಂದ ಬಿಡುವಾಗ ಡಾಕ್ಟರ್ ಅಕ್ಕನನ್ನೂ ನನ್ನನ್ನೂ ಕೂರಿಸಿ ಹೇಳಿದ್ದರು: "ಗಂಟಲಲ್ಲಿ ಬಿಳಿ ಪೊರೆ ಕಟ್ತದೆ. ಅದು ಕೀವಲ್ಲ, ಗಾಯ ಮಾಗುವುದೇ ಹಾಗೆ. ಬಾಯಿ ವಾಸನೆ ಬಂದ್ರೂ ಹೆದರ್ಬೇಡಿ. ತಣ್ಣಗಿದ್ದು ಕೊಡಿ, ಐಸ್‌ಕ್ರೀಂ ಕೂಡ ಆಗ್ತದೆ. ಬಿಸಿ, ಖಾರ, ಗಟ್ಟಿ ಎಂತದ್ದೂ ಬೇಡ."

ಹಾಗೆ ನಾನು ವರ್ಕ್‌ಶಾಪಿನಿಂದ ನಿಮ್ಮ ಮನೆಗೆ ಬರುವಾಗ ದಿನಾ ಕಪ್ ಐಸ್‌ಕ್ರೀಂ ತರುತ್ತಿದ್ದೆ. ನುಂಗುವಾಗ ಮಗುವಿನ ಕಣ್ಣಲ್ಲಿ ನೀರು, ಆದರೂ ಮರದ ಚಮಚ ಬಿಡುತ್ತಿರಲಿಲ್ಲ. ತಿಂದಾದ ಮೇಲೆ ಬಾಯಿ ದೊಡ್ಡದಾಗಿ ತೆರೆಯುವುದು, ನಾನು ಮೊಬೈಲಿನ ಟಾರ್ಚ್ ಹಾಕಿ ನೋಡಿ "ಪಾಸ್" ಎನ್ನುವುದು. ಅದು ನಮ್ಮಿಬ್ಬರ ಆಟ.

ನಿಮ್ಮ ಅಮ್ಮನಿಗೆ ಅದು ಹಿಡಿಸಲಿಲ್ಲ. "ಗಂಟಲು ಕೊಯ್ದ ಮಗುವಿಗೆ ಐಸು ತಿನ್ನಿಸುವ ಮಾವ ಲೋಕದಲ್ಲಿ ನೀನೊಬ್ಬನೇ. ನೋಡು, ಒಳಗೆ ಪೂರಾ ಕೀವು, ನಾರ್ತಾ ಉಂಟು."

"ಅತ್ತೆ, ಅದು ಕೀವಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ."

"ಹೌದಾ? ಹತ್ತನೇ ಕ್ಲಾಸಲ್ಲಿ ಅದನ್ನೂ ಕಲಿಸ್ತಾರಾ ಮಾರಾಯ?"

ಒಂದು ದಿನ ನಾನಿಲ್ಲದಾಗ ಆ 'ಕೀವು' ಕರಗಲಿ ಎಂದು ಶುಂಠಿ, ಕರಿಮೆಣಸಿನ ಕಷಾಯ ಸುಡುಸುಡು ಕುಡಿಸಿದರು. ಸಂಜೆ ನಾನು ಬರುವಾಗ ಮಗು ರಕ್ತ ಉಗುಳುತ್ತಿತ್ತು. ಪಕ್ಕದ ಮನೆಯವರ ಕಾರಿನಲ್ಲಿ ಹೊರಟೆವು. ತಲಪಾಡಿ ಟೋಲಿನ ಸಾಲಿನಲ್ಲಿ ಸಿಕ್ಕಿಬಿದ್ದಾಗ ನಾನು ಇಳಿದು ಒಂದೊಂದು ಗಾಡಿಯ ಬಾಗಿಲು ಬಡಿದು ದಾರಿ ಬಿಡಿಸಿದೆ. ಮತ್ತೆ ಹತ್ತಿದಾಗ ಕ್ಷಮಾ ನನ್ನ ಅಂಗಿ ಹಿಡಿದು, "ಮಾವ, ಅಜ್ಜಿಯ ಕಷಾಯ ಉರಿ," ಎಂದಳು. ನನಗೆ ಗೊತ್ತಾದದ್ದೇ ಆಗ.

ಪುನಃ ಥಿಯೇಟರಿಗೆ ಒಯ್ದು ರಕ್ತ ನಿಲ್ಲಿಸಿದರು. ಅಷ್ಟರಲ್ಲಿ ನಿಮ್ಮ ಫೋನ್. ಸ್ಪೀಕರಿನಲ್ಲಿ, ವಾರ್ಡಿನವರೆಲ್ಲ ಕೇಳುವ ಹಾಗೆ: "ಐಸ್‌ಕ್ರೀಂ ತಿನ್ನಿಸಿ ನನ್ನ ಮಗಳನ್ನು ಕೊಲ್ಲುದಾ ನೀನು? ಒಂದು ಕೆಲಸದಲ್ಲಿ ನೆಟ್ಟಗೆ ನಿಲ್ಲದವ! ಇನ್ನು ನನ್ನ ಮೆಟ್ಟಿಲು ಹತ್ಬೇಡ."

"ಭಾವ, ಕಷಾಯ..." ಎಂದೆ. ನೀವು ಕಟ್ ಮಾಡಿದಿರಿ.

ಅವಳ ಕಿವಿ ಚುಚ್ಚುವಾಗ ಮಾವನ ಮಡಿಲೇ ಆಗಬೇಕು ಎಂದು ನನ್ನನ್ನು ಕರೆಸಿದ್ದು ಯಾರು? ಆಪರೇಷನ್ ದಿನ ಥಿಯೇಟರಿನ ಬಾಗಿಲವರೆಗೆ ಎತ್ತಿಕೊಂಡು ಹೋದದ್ದು ಯಾರು? ಮಗು ಅಳುವಾಗ ಹಿಡಿದುಕೊಳ್ಳಲಿಕ್ಕೆ ನಾನು ಬೇಕು. ನಾನು ಕೆಲಸ ಬಿಟ್ಟದ್ದು ಹೌದು, ಮಗುವನ್ನು ಬಿಟ್ಟಿದ್ದೇನಾ? ನಿಮ್ಮ ಅಮ್ಮನನ್ನು ಬೈಯಬೇಡಿ, ಅವರು ಮದ್ದು ಎಂದೇ ಕೊಟ್ಟದ್ದು. ಆದರೆ "ಎಂತ ಆಯ್ತು ಲತೇಶ?" ಎಂದು ನೀವು ಒಂದು ಮಾತು ಕೇಳಬಹುದಿತ್ತು.

ಮೊನ್ನೆ ಶಾಲೆಯ ಬಸ್ಸು ನಮ್ಮ ವರ್ಕ್‌ಶಾಪಿನ ಎದುರು ನಿಂತಿತು. ಕಿಟಕಿಯಲ್ಲಿ ಕ್ಷಮಾ. ಕರೆಯಲಿಲ್ಲ, ನನ್ನ ಹತ್ತಿರ ಮಾತಾಡಬಾರದು ಎಂದು ಹೇಳಿಟ್ಟಿರಬೇಕು. ಬಾಯಿ ದೊಡ್ಡದಾಗಿ ತೆರೆದಳು. ಬಿಳಿ ಎಲ್ಲ ಹೋಗಿದೆ, ಒಳಗೆ ಚಂದ ಕೆಂಪು. ಗ್ರೀಸ್ ಮೆತ್ತಿದ ಹೆಬ್ಬೆರಳನ್ನೇ ಎತ್ತಿ 'ಪಾಸ್' ಎಂದು ತೋರಿಸಿದೆ.

ನೀವು ಬಿಸಿಲಲ್ಲಿ ಜಾಗ್ರತೆ. ಮಗಳಿಗೆ ಮಾವನ ಆಶೀರ್ವಾದ ಯಾವತ್ತೂ ಉಂಟು, ಅದನ್ನು ಬ್ಲಾಕ್ ಮಾಡಲಿಕ್ಕೆ ನಿಮ್ಮಿಂದ ಆಗುವುದಿಲ್ಲ.

ಇತಿ,
ಲತೇಶ್

ಇನ್ನೊಂದು: ಕಾರಿನಲ್ಲಿ ಕ್ಷಮಾ ಹೇಳಿದ್ದರಲ್ಲಿ ಅರ್ಧ ಮಾತ್ರ ಮೇಲೆ ಬರೆದಿದ್ದೇನೆ. "ಅಜ್ಜಿ ಕುಡಿಸಿದ್ರು, ಅಮ್ಮ ನನ್ನ ಕೈ ಗಟ್ಟಿ ಹಿಡ್ಕೊಂಡ್ರು," ಎಂದಿದ್ದಳು. ವಾರ್ಡಿನಲ್ಲಿ ನೀವು ನನ್ನನ್ನು ಬೈಯುವಾಗ ಫೋನ್ ಹಿಡಿದುಕೊಂಡಿದ್ದದ್ದೂ ಅಕ್ಕನೇ. ನಾನು ಅವಳ ಮುಖ ನೋಡಿದೆ. ಅವಳು ಮಗುವಿನ ಹೊದಿಕೆ ಸರಿ ಮಾಡಿದಳು. ನಿಮ್ಮ ಮೇಲಿನ ಸಿಟ್ಟು ಇವತ್ತಲ್ಲ ನಾಳೆ ಇಳಿದೀತು, ಭಾವ. ಆದರೆ ಅವಳು ನನ್ನ ಅಕ್ಕ.