ಗೋಡೆಗೆ ಮುಖ ಮಾಡಿದ ಕುರ್ಚಿ

ಜುಲೈ 1, ಸೋಮವಾರ

ಹೋಟೆಲಿನ ಮೂಲೆಯ ಟೇಬಲ್ ಇವತ್ತೂ ಖಾಲಿ ಇರಲಿಲ್ಲ. ಯಾರೋ ಇಬ್ಬರು ಚಾ ಮುಗಿಸಿ ಫೋನಿನಲ್ಲಿ ಮದುವೆ ಫೋಟೋ ನೋಡುತ್ತ ಕೂತಿದ್ದರು. ನಮ್ಮ ಯಜಮಾನರ ತೋಳು ಹಿಡಿದುಕೊಂಡು ಹದಿನೈದು ನಿಮಿಷ ನಿಂತೆ. ಮುಂದೆ ಐದು ಟೇಬಲ್ ಖಾಲಿ. ಕೌಂಟರಿನವನಿಗೆ ನಮ್ಮ ಹುಚ್ಚು ಅರ್ಥವಾಗುವುದಿಲ್ಲ. ನಾವು ನಿಂತರೆ ಅವನಿಗೆ ಮುಜುಗರ, ಎಲ್ಲೆಂದರಲ್ಲಿ ಕೂತರೆ ನನಗೆ.

ಮೂಲೆಯದೇ ಆಗಬೇಕು. ಅಲ್ಲಿ ಒಂದು ಕುರ್ಚಿ ಗೋಡೆಗೆ ಮುಖ ಮಾಡಿದೆ. ಇವರು ಅದರಲ್ಲಿ ಕೂತರೆ, ಉಂಡ ತಾಟು ತೊಳೆದು ಆ ನೀರು ಕುಡಿಯುವುದು ಯಾರಿಗೂ ಕಾಣುವುದಿಲ್ಲ. ಮಾವನವರು ಹಾಗೇ ಮಾಡುತ್ತಿದ್ದರು, ಇವರೂ ಲಿಂಗ ಕಟ್ಟಿಸಿಕೊಂಡ ದಿನದಿಂದ. ತಾಟಿಗೆ ಬಂದದ್ದೆಲ್ಲ ಪ್ರಸಾದ, ಒಂದು ಅಗುಳೂ ಬಿಡಬಾರದು. ಕೈ ಸರಿ ಇದ್ದಾಗ ನೋಡಲು ಚಂದ ಇತ್ತು. ಪಾರ್ಶ್ವವಾಯು ಆದ ಮೇಲೆ ಬಲಗೈ ನಡುಗುತ್ತದೆ. ಅರ್ಧ ನೀರು ಬಾಯಿಗೆ, ಅರ್ಧ ಅಂಗಿಗೆ. ಎಡಗೈ ಹಚ್ಚಿ ಎಂದರೆ ಕೇಳುವ ಪ್ರಾಣಿ ಅಲ್ಲ.

ಎರಡು ಇಡ್ಲಿ. ಪೂರಾ ತಿಂದರು. ತೂಕ 47.

ಜುಲೈ 4, ಗುರುವಾರ. ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿವೆ. ರಸ್ತೆ ಹಾಗಿದೆ. ನಾನು ಬರೆಯುತ್ತಿರುವ ಇದು ಪಶು ಆಸ್ಪತ್ರೆಯ ಹಳೆ ರಿಜಿಸ್ಟರ್. ಇವರು ಕಾಂಪೌಂಡರ್ ಇದ್ದಾಗ ಮನೆಗೆ ಬಂದದ್ದು. ಎಮ್ಮೆ, ಆಕಳು, ಕುರಿ ಎಂದು ತೆಲುಗಿನಲ್ಲಿ ಕಾಲಂ ಹಾಕಿದ್ದಾರೆ. ನಾನು ಕುರಿ ಕಾಲಂನಿಂದ ಶುರು ಮಾಡಿದ್ದೇನೆ.

ವಾರಕ್ಕೆ ಎರಡು ಸಲ ನಾರಾಯಣಖೇಡದಿಂದ ಜಹೀರಾಬಾದ್. ಫಿಸಿಯೋಥೆರಪಿ, ತೂಕ, ಆಮೇಲೆ ಹೋಟೆಲು. ಹೆಂಗಸೆಂದು ನನಗೆ ಝೀರೋ ಟಿಕೆಟ್, ಇವರಿಗೆ ಫುಲ್. "ನನಗಿಂತ ನಿನ್ನ ಕಿಮ್ಮತ್ತು ಹೆಚ್ಚಾಗ್ಯದ ಈಗ" ಅಂದರು ಕಂಡಕ್ಟರ್ ಹೋದ ಮೇಲೆ. ಬಹಳ ದಿನಕ್ಕೆ ಒಂದು ತಮಾಷೆ.

ಮನೆಯಲ್ಲಿ ಇವರು ಉಣ್ಣುವುದಿಲ್ಲ. ಎಲ್ಲಿ ಉಳಿದೀತೋ ಎಂಬ ಹೆದರಿಕೆಗೆ ಮೊದಲೇ "ಚೂರು ಹಾಕು" ಎನ್ನುತ್ತಾರೆ. ಚೂರೆಂದರೆ ಮೂರು ತುತ್ತು. ಉಳಿದರೆ ನಾನು ತಿನ್ನುತ್ತೇನೆ ಎಂದರೂ ಒಪ್ಪುವುದಿಲ್ಲ. "ನನ್ನ ಪಾಲು ನಾನೇ ಮುಗಸಬೇಕು." ಹೋಟೆಲಿನಲ್ಲಿ ಪ್ಲೇಟೆಂದರೆ ಪ್ಲೇಟು. ಚೂರು ಹಾಕು ಅನ್ನುವ ಹಾಗಿಲ್ಲ, ಬಂದ ಮೇಲೆ ಬಿಡುವ ಹಾಗೂ ಇಲ್ಲ. ಅಲ್ಲಿ ಹೊಟ್ಟೆ ಸ್ವಲ್ಪ ಬಿಚ್ಚಿತೆಂದರೆ ಮುಂದಿನ ಎರಡು ದಿನ ಮನೆಯಲ್ಲೂ ಒಂದೊಂದು ರೊಟ್ಟಿ ಇಳಿಯುತ್ತದೆ. ಹಾಗಾಗಿ ನನ್ನ ಬುದ್ಧಿಯೆಲ್ಲ ಈಗ ಆರ್ಡರ್ ಮಾಡುವುದರಲ್ಲಿ ಖರ್ಚಾಗುತ್ತಿದೆ. ಇವತ್ತು ಎರಡು ಇಡ್ಲಿಗೆ ಒಂದು ವಡೆ ಸೇರಿಸಿದೆ.

"ಇದ್ಯಾರು ಹೇಳಿದ್ರು?"

"ಕೂಡೇ ಬರ್ತದಂತ್ರಿ."

ಸುಳ್ಳು. ತಿಂದರು. ಡಾಕ್ಟರ್ ಬಾಲಮಣಿ ಹೇಳಿದ್ದು ತಲೆಯಿಂದ ಹೋಗುವುದಿಲ್ಲ. ನಲವತ್ತೈದಕ್ಕಿಂತ ಇಳಿದರೆ ಮೂಗಿನಲ್ಲಿ ನಳಿಗೆ ಹಾಕಿ ಹಾಲು ಬಿಡುತ್ತಾರಂತೆ. ಇವರು ಅದನ್ನು ಕಿತ್ತು ಒಗೆಯುತ್ತಾರೆ. ಒಗೆದು ಸಾಯುತ್ತಾರೆ. ನನಗೆ ಗೊತ್ತು.

ಜುಲೈ 8, ಸೋಮವಾರ

ತೂಕ 47.5. ಅರ್ಧ ಕಿಲೋ ಬಂತು. ಬೆಲ್ಲ ತಿಂದಷ್ಟು ಖುಷಿಯಾಯಿತು.

ಮೂಲೆಯ ಟೇಬಲ್ ಸಿಕ್ಕಿತು. ಎಲ್ಲಮ್ಮನ ಪುಣ್ಯ. ಎಲ್ಲಮ್ಮ ಎಂದರೆ ಹೋಟೆಲಿನಲ್ಲಿ ತಾಟು ತೆಗೆಯುವವಳು, ನನ್ನ ವಯಸ್ಸಿನವಳೇ. ಈಗೀಗ ನಾವು ಬರುವ ಹನ್ನೊಂದು ಗಂಟೆಗೆ ಆ ಕುರ್ಚಿಯ ಮೇಲೆ ಒದ್ದೆ ಬಟ್ಟೆ ಹಾಕಿ ಇಟ್ಟಿರುತ್ತಾಳಂತೆ, ಯಾರೂ ಕೂರದಿರಲಿ ಎಂದು. ಬೇರೆಯವರ ತಾಟಿಗೆ ಕಾಗದ ಹಾಸುತ್ತಾರೆ. ಇವರಿಗೆ ಬರಿ ಸ್ಟೀಲಿನ ತಾಟು ತರಿಸುತ್ತಾಳೆ. ಕಾಗದ ಇದ್ದರೆ ತೊಳೆಯುವುದೇನು? ಇವರು ನೀರು ಕುಡಿದು ತಾಟು ಕೆಳಗೆ ಇಡುವವರೆಗೆ ಆ ಕಡೆ ಸುಳಿಯುವುದಿಲ್ಲ. ಹೇಳಿಕೊಟ್ಟದ್ದಲ್ಲ. ನೋಡಿ ಕಲಿತಳು.

ನನಗೆ ಏನು ಎಂದು ಕೇಳಿದಳು. ಬೋರ್ಡು ನೋಡಿದೆ. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ ಹೋಟೆಲಿಗೆ ಬಂದಾಗೆಲ್ಲ ಇವರೇ ಹೇಳುತ್ತಿದ್ದರು — "ಎರಡು ಇಡ್ಲಿ, ಎರಡು ಚಾ." ನನ್ನದು ಅದರೊಳಗೇ ಬಂತು. ಬೋರ್ಡಿನಲ್ಲಿ ಇಪ್ಪತ್ತು ಹೆಸರಿವೆ ಎಂದು ಈ ವರ್ಷ ಗೊತ್ತಾಯಿತು. ಗೊತ್ತಾಗಿ ಏನು? ಹಸಿವೇ ಇರುವುದಿಲ್ಲ. ಚಾ ಎಂದೆ.

ಮೊಣಕಾಲು ಬಾತಿದೆ. ಮಲಗುತ್ತೇನೆ.

ಜುಲೈ 11, ಗುರುವಾರ

ತೂಕ 47.8. ಉಪ್ಪಿಟ್ಟು, ಒಂದು ವಡೆ.

ಸಂಜೆ ತಾಂಡೂರಿನಿಂದ ಮಗಳು ಸ್ವರೂಪಾಳ ಫೋನು. ಅವಳ ಅತ್ತೆ-ಮಾವ ಸೋಮವಾರ ಜಹೀರಾಬಾದಿಗೆ ಬರುತ್ತಾರಂತೆ, ಯಾರದೋ ಮನೆಗೆ ಹಾಸುಗಲ್ಲಿನ ವ್ಯವಹಾರಕ್ಕೆ. ಅಪ್ಪನನ್ನು ನೋಡಬೇಕಂತೆ, ಹೋಟೆಲಿಗೇ ಬರುತ್ತಾರಂತೆ.

"ಅವ್ವಾ, ಅಪ್ಪಗ ಹೇಳು. ಅವರ ಮುಂದ ಅದೊಂದು ಮಾಡೋದು ಬ್ಯಾಡ. ಕೈ ನಡಗ್ತದ, ಅಂಗಿ ತೊಯ್ಯತದ. ನೋಡಿದವ್ರು ಏನಂತಾರ?"

"ಹೇಳ್ತೀನಿ" ಎಂದೆ. ಹೇಳಲಿಲ್ಲ. ಹೇಗೆ ಹೇಳುವುದು? ಮೂಲೆಯ ಟೇಬಲ್ಲಿಗೆ ಇಬ್ಬರೇ ಹಿಡಿಯುವುದು. ಮೇಲಿನ ಎ.ಸಿ. ಹಾಲಿಗೆ ಮೆಟ್ಟಿಲು, ಇವರಿಗೆ ಆಗದು. ಇನ್ನು ಉಳಿದದ್ದು ಕೌಂಟರಿನ ಮುಂದಿನ ದೊಡ್ಡ ಟೇಬಲ್. ಹೋಗಿಬರುವವರೆಲ್ಲ ನೋಡುವ ಜಾಗ.

ಜುಲೈ 15, ಸೋಮವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಬೀಗರು ಮೊದಲೇ ಬಂದು ದೊಡ್ಡ ಟೇಬಲ್ ಹಿಡಿದಿದ್ದರು. ಲಿಂಗರಾಜರು ದೊಡ್ಡ ದನಿಯ ಮನುಷ್ಯ. "ಬೀಗರ, ನೀವೇನೂ ಹೇಳಬ್ಯಾಡ್ರಿ, ಇವತ್ತು ನನ್ನ ಆರ್ಡರ್" ಎಂದು ನಾಲ್ಕು ಮಸಾಲೆ ದೋಸೆ ಹೇಳಿಬಿಟ್ಟರು. ಅವರ ಹೆಂಡತಿ ಶಕುಂತಲಾಬಾಯಿ ಇವರನ್ನು ನೋಡಿ, "ಎಷ್ಟ ಸೊರಗ್ಯಾರ್ರಿ" ಎಂದು ಕಣ್ಣೀರು ತಂದುಕೊಂಡರು. ಒಳ್ಳೆಯ ಹೆಂಗಸು.

ಇವರು ದೋಸೆ ತಿಂದರು. ಮುಕ್ಕಾಲು ಗಂಟೆ ಹಿಡಿಯಿತು. ಎಲ್ಲರದೂ ಮುಗಿದು ಚಾ ಬಂದು ಆರಿತು. ಆದರೂ ಪಲ್ಯದ ಚೂರು ಸಹಿತ ಬಿಡದೆ ಪೂರ್ತಿ ಒಂದು ಮಸಾಲೆ ದೋಸೆ. ಕಾಯಿಲೆ ಬಿದ್ದ ಮೇಲೆ ಇಷ್ಟು ತಿಂದದ್ದು ಇಲ್ಲ. ನಾನು ಅದನ್ನು ನೋಡಿ ಸಂತೋಷಪಡಬೇಕಿತ್ತು. ನಾನು ನೋಡುತ್ತಿದ್ದದ್ದು ನೀರಿನ ಲೋಟ.

ಲೋಟ ಎತ್ತಿದರು. ತಾಟಿಗೆ ನೀರು ಸುರಿಯುವಾಗಲೇ ಅರ್ಧ ಟೇಬಲ್ಲಿನ ಮೇಲೆ ಹೋಯಿತು. ಬೆರಳಿಂದ ತೊಳೆಯತೊಡಗಿದರು. ಕೌಂಟರಿನ ಹತ್ತಿರ ಇಬ್ಬರು ಹುಡುಗಿಯರು ನಿಂತು ನೋಡುತ್ತಿದ್ದರು. ಶಕುಂತಲಾಬಾಯಿಯೂ ನೋಡುತ್ತಿದ್ದರು. ನಾನು ಎಲ್ಲಮ್ಮನಿಗೆ ಕಣ್ಸನ್ನೆ ಮಾಡಿದೆ, ತೆಗೆ ಎಂದು. ಅವಳು ತಲೆ ಅಲ್ಲಾಡಿಸಿದಳು. ಮತ್ತೆ ಮಾಡಿದೆ, ಸಿಟ್ಟಿನಿಂದ. ಅವಳು ಬಂದು, ಇವರ ಬೆರಳು ಇನ್ನೂ ಒಳಗಿರುವಾಗಲೇ ತಾಟು ಎತ್ತಿಕೊಂಡು ಹೋದಳು.

ಇವರ ಕೈ ಅಲ್ಲೇ ಟೇಬಲ್ಲಿನ ಮೇಲೆ ಉಳಿಯಿತು. ನನ್ನನ್ನು ನೋಡಿದರು. ಎಲ್ಲಮ್ಮನನ್ನಲ್ಲ, ನನ್ನನ್ನು.

ಜುಲೈ 18, ಗುರುವಾರ

ಮೂಲೆಯ ಟೇಬಲ್ ಖಾಲಿ ಇತ್ತು. ಒದ್ದೆ ಬಟ್ಟೆಯೂ ಇತ್ತು. ಕೂತರು.

"ಚಾ ಸಾಕು."

ಇಡ್ಲಿ ತರಿಸಿದೆ. ಮುಟ್ಟಲಿಲ್ಲ. ಮುಟ್ಟದ್ದು ಉಳಿದರೆ ಬಿಟ್ಟ ಹಾಗಲ್ಲವಂತೆ. ಅದಕ್ಕೂ ಅವರಲ್ಲಿ ಕಾನೂನಿದೆ. ನಾನೇ ತಿಂದೆ.

ಜುಲೈ 25, ಗುರುವಾರ

ತೂಕ 46. ಮನೆಯಲ್ಲಿ ಗಂಜಿ, ಮಜ್ಜಿಗೆ. ಲೋಟದಲ್ಲಿ ಕೊಟ್ಟರೆ ಮಾತ್ರ. ತಾಟು ಮುಂದಿಟ್ಟರೆ ಮುಖ ತಿರುಗಿಸುತ್ತಾರೆ.

ಶಕುಂತಲಾಬಾಯಿ ಫೋನ್ ಮಾಡಿದ್ದರು. ಅದೂ ಇದೂ ಮಾತಾಡಿ ಕೊನೆಗೆ, "ಅಕ್ಕೋರ, ಅವತ್ತು ಆ ಹೆಣಮಗಳು ಯಾಕ ಹಂಗ ತಾಟು ಒಯ್ದಳ್ರಿ? ನಮ್ಮ ಅತ್ತೀನೂ ಹಿಂಗೇ ತೊಳದು ಕುಡೀತಿದ್ದರು. ಎಷ್ಟೋ ವರ್ಷಕ್ಕ ನೋಡಿದೆ, ಅವರ ನೆನಪಾತು" ಎಂದರು.

ಅವಳು ಹೊಸಬಳು, ತಿಳಿಯಲಿಲ್ಲ ಎಂದೆ. ಎಲ್ಲಮ್ಮನ ತಲೆಗೆ ಕಟ್ಟಿದೆ. ನನ್ನ ಬಾಳಿನಲ್ಲಿ ಇಷ್ಟು ಹೀನ ಅನಿಸಿರಲಿಲ್ಲ.

ಜುಲೈ 29, ಸೋಮವಾರ. ಸಂಜೆ

45.4. ಡಾಕ್ಟರ್ ಬಾಲಮಣಿ ಚೀಟಿ ಬರೆದರು. ಗುರುವಾರ ನೋಡಿ, ಇನ್ನೂ ಇಳಿದಿದ್ದರೆ ಸೋಮವಾರ ಅಡ್ಮಿಟ್. ನಳಿಗೆ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಇವರು ಊಟ ಬಲ್ಲವರು, ರೋಗ ಬಂತು. ಮಾತು ಬಲ್ಲವರಲ್ಲ, ಆದರೂ ಇಷ್ಟು ವರ್ಷ ನನ್ನೊಡನೆ ಜಗಳ ಆಡಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಇವತ್ತು ನಾನೇ ಬಾಯಿ ತೆರೆದೆ.

"ತಪ್ಪಾತ್ರಿ. ನಾನೇ ತೆಗಿ ಅಂದಿದ್ದೆ. ನಾಚಿಕಿ ಬಂತು. ಈಗರ ಉಣ್ರಿ."

ನಾಲಿಗೆ ಇನ್ನೂ ಸರಿಯಾಗಿ ಹೊರಳುವುದಿಲ್ಲ, ಒಂದೊಂದೇ ಮಾತು.

"ನನ್ನ ನಾಚಿಕಿ ನಾ ನೋಡ್ಕೊತಿದ್ದೆ. ಮುಗಸಾಕ ಬಿಡಲಿಲ್ಲ ನೀ." ಆಮೇಲೆ, "ಈಗ ಉಣ್ಣಾಕ ಕುಂತ್ರ, ಯಾರರ ತಾಟು ಎಳಕೋತಾರ ಅನಸ್ತದ."

ಅಡುಗೆಮನೆಗೆ ಹೋಗಿ ಅತ್ತೆ. ಒಲೆಯ ಮೇಲೆ ಬೇಳೆ ಹೊತ್ತಿತು. ನಾನೂ ಉಣ್ಣಲಿಲ್ಲ.

ಆಗಸ್ಟ್ 1, ಗುರುವಾರ

45.1. ಸೋಮವಾರ ಬಟ್ಟೆಬರೆ ತರಬೇಕಂತೆ.

ನಿನ್ನೆಯಿಂದ ನನ್ನ ಹೊಟ್ಟೆಗೆ ಚಾ ಬಿಟ್ಟು ಏನೂ ಇಲ್ಲ. ಹೋಟೆಲಿಗೆ ಬಂದಾಗ ಮೂಲೆಯಲ್ಲಿ ಯಾರೋ ಇದ್ದರು. ಕಾಯುವ ಶಕ್ತಿ ನನಗಿರಲಿಲ್ಲ. ಕೌಂಟರಿನ ಮುಂದೆ ಅದೇ ದೊಡ್ಡ ಟೇಬಲ್ಲಿಗೆ ಕೂತುಬಿಟ್ಟೆ. ಇವರೂ ಕೂತರು. ಎಲ್ಲಮ್ಮ ಬಂದಳು. ಶಕುಂತಲಾಬಾಯಿಗೆ ನಾನು ಹೇಳಿದ ಸುಳ್ಳು ನೆನಪಾಗಿ ಅವಳ ಮುಖ ನೋಡಲಾಗಲಿಲ್ಲ. ಪೆದ್ದಾಯನಿಗೆ ಏನು ಎಂದು ಕೇಳಿದಳು, ಇವರನ್ನು ಹಾಗೇ ಕರೆಯುತ್ತಾಳೆ, ತೆಲುಗಿನಲ್ಲಿ ಹಿರಿಯರು ಎಂದು. ನಾನು ಇವರಿಗೆಂದು ಏನೂ ತರಲು ಹೇಳಲಿಲ್ಲ. ಸಾಕಾಗಿತ್ತು. ತಿನ್ನದಿದ್ದರೆ ಬಿಡಲಿ. ಬೋರ್ಡು ನೋಡಿ ನನಗೆ ಒಂದು ಪ್ಲೇಟ್ ಮೈಸೂರ್ ಬಜ್ಜಿ ಎಂದೆ. ಅದೇ ಬೇಕೆನಿಸಿತು. ಇವರು ತಿರುಗಿ ನನ್ನನ್ನು ನೋಡಿದರು. ನನಗೆಂದು ತಿನ್ನಲು ನಾನೇ ಹೇಳಿದ್ದು ಅವರು ಕೇಳಿದ್ದೇ ಮೊದಲು.

ನಾಲ್ಕು ಬಜ್ಜಿ, ಶೇಂಗಾ ಚಟ್ನಿ. ಬರಿ ಸ್ಟೀಲಿನ ತಾಟು. ಎಲ್ಲಮ್ಮನ ರೂಢಿ.

ಒಂದೂವರೆ ತಿಂದೆ. ತಲೆ ಸುತ್ತಿತು. ಕೆಳಗೆ ಇಳಿಯಲೊಲ್ಲದು. ತಾಟು ದೂಡಿ, "ಒಲ್ಲೆ" ಎಂದೆ. ಎಲ್ಲಮ್ಮ ತೆಗೆಯಲು ಕೈ ಚಾಚಿದಳು.

ಇವರು ತಾಟಿನ ಮೇಲೆ ಕೈ ಇಟ್ಟರು. ಬಲಗೈ. ತಾಟು ಟೇಬಲ್ಲಿನ ಮೇಲೆ ಕಟಕಟ ಎನ್ನುತ್ತಿತ್ತು.

"ಇರ್ಲಿ."

ತಮ್ಮ ಕಡೆಗೆ ಎಳೆದುಕೊಂಡರು. ನಾನು ಕಚ್ಚಿ ಇಟ್ಟ ಅರ್ಧ ಬಜ್ಜಿಯನ್ನು ಮೊದಲು ಬಾಯಿಗೆ ಹಾಕಿಕೊಂಡರು. ಇವರು ಲೋಟದಲ್ಲಿ ಬಿಟ್ಟ ನೀರು ನಾನು ಕುಡಿದಿದ್ದೇನೆ, ನಮ್ಮಲ್ಲಿ ಎಲ್ಲ ಹೆಂಗಸರೂ ಕುಡಿದಿದ್ದಾರೆ. ಹೆಂಡತಿ ಎಂಜಲು ಮಾಡಿದ ತಾಟಿಗೆ ಗಂಡ ಕೈ ಹಾಕಿದ್ದು ನಾನು ತೌರಿನಲ್ಲೂ ಕಂಡಿಲ್ಲ, ಅತ್ತೆಮನೆಯಲ್ಲೂ ಕಂಡಿಲ್ಲ. ಎರಡೂವರೆ ಬಜ್ಜಿ. ಚಟ್ನಿ ಬೆರಳಲ್ಲಿ ಬಳಿದು ತಿಂದರು. ಅರ್ಧ ಗಂಟೆ.

ಆಮೇಲೆ ಲೋಟ ಎತ್ತಿದರು. ನೀರು ಟೇಬಲ್ಲಿಗೂ ಬಿತ್ತು, ತಾಟಿಗೂ ಬಿತ್ತು. ಸುತ್ತ ಬೆರಳಾಡಿಸಿ ತೊಳೆದರು. ಎಲ್ಲಮ್ಮ ದೂರ ನಿಂತಿದ್ದಳು. ಎರಡೂ ಕೈಯಿಂದ ತಾಟು ಎತ್ತಿದರು. ಎಡಗೈ ಹಚ್ಚಿದರು, ನಾನು ಹೇಳದೆಯೇ. ಕುಡಿದರು. ಗದ್ದದಿಂದ ಇಳಿದು ಅಂಗಿ ಎಲ್ಲ ತೊಯ್ದಿತು. ಎಲ್ಲರೂ ನೋಡಿದರು. ನಾನೂ ನೋಡಿದೆ. ಒರೆಸಲು ಹೋಗಲಿಲ್ಲ.

ತಾಟು ಕೆಳಗಿಟ್ಟು, "ನಿಂದು ಮುಗೀತು. ಇನ್ನ ನನಗ ಹೇಳು" ಎಂದರು.

ಏನು ಬೇಕು ಎಂದು ಕೇಳಿದೆ. ಏನಾದರೂ ಹೇಳು ಎಂದರು. ಮೂಲೆಯ ಟೇಬಲ್ ಖಾಲಿಯಾಗಿತ್ತು, ಎಲ್ಲಮ್ಮ ಕೈ ಮಾಡಿ ತೋರಿಸಿದಳು. ಇಬ್ಬರೂ ಏಳಲಿಲ್ಲ. ಇಡ್ಲಿ ಹೇಳಿದೆ. ಹೊರಡುವಾಗ ಎಲ್ಲಮ್ಮನಿಗೆ ತಪ್ಪಾಯಿತು ಎಂದೆ. ಯಾವುದಕ್ಕೆ ಎಂದು ಅವಳು ಕೇಳಲಿಲ್ಲ.

ಸೋಮವಾರ ತೂಕ ಏನು ಬರುತ್ತದೋ ಗೊತ್ತಿಲ್ಲ. ಬಟ್ಟೆಬರೆ ಇನ್ನೂ ಕಟ್ಟಿಲ್ಲ. ಕಟ್ಟಬೇಕೋ ಬೇಡವೋ —

ಒಳಗಿಂದ ಕರೆಯುತ್ತಿದ್ದಾರೆ. "ಹಸಿವ್ಯಾಗ್ಯದ. ಏನು ಮಾಡಿದಿ?" ಏನೂ ಮಾಡಿಲ್ಲ. ಹಿಟ್ಟು ಸಹಿತ ನಾದಿಲ್ಲ. ಎದ್ದು ಒಲೆ ಹಚ್ಚಬೇಕು.