ಮೈಕೈ ತುಂಬಿಕೊಂಡವಳು

ಮಾರ್ಚ್ ೪
ಡಯಾಲಿಸಿಸ್‌ಗೆ ಮೊದಲು ತೂಕ. ಮಾಮೂಲಿ. ತಂಗಿ ಚಪ್ಪಲಿ ಬಿಟ್ಟಳು, ಬಳೆ ತೆಗೆದಳು, ಕನ್ನಡಕವನ್ನೂ ನನ್ನ ಕೈಗಿಟ್ಟಳು. "ಮರ್ಯಾದೆ ಎಷ್ಟು ಕೆಜಿ ಬರುತ್ತೆ ಅಕ್ಕ? ಅದನ್ನೂ ಬಿಚ್ಚಿಡ್ತೀನಿ." ನರ್ಸ್ ನಕ್ಕಳು. ನನಗೆ ನಗು ಬರಲಿಲ್ಲ.

ನನ್ನ ಕಿಡ್ನಿ ಅವಳಿಗೆ ಹೊಂದುತ್ತದೆ. ಕೊಡಲು ಸಿದ್ಧಳಿದ್ದೇನೆ. ಆದರೆ ಅವಳು ಹದಿನೈದು ಕೆಜಿ ಇಳಿಯುವವರೆಗೆ ಆಪರೇಷನ್ ಇಲ್ಲ. ಗಾಯ ಮಾಯುವುದು ಕಷ್ಟವಂತೆ, ಕಿಡ್ನಿ ವ್ಯರ್ಥವಾಗಬಹುದಂತೆ. ವ್ಯರ್ಥವಾದರೆ ಆಗಲಿ — ನನ್ನದು ತಾನೇ?

ಮಾರ್ಚ್ ೬
"ಸ್ವಲ್ಪ ಬಾಯಿ ಕಟ್ಟಬೇಕಮ್ಮ" ಅಂದರು ಡಾಕ್ಟರ್. ಆರು ವರ್ಷದ ಹಿಂದೆ ಕಿಡ್ನಿ ಉಳಿಸಲೆಂದು ಸ್ಟೀರಾಯ್ಡ್ ಬರೆದುಕೊಟ್ಟವರು ಇವರೇ. ಮುಖ, ಹೊಟ್ಟೆ ಊದಿಕೊಂಡಾಗ ಸಹಜ ಅಂದವರೂ ಇವರೇ. ನೆನಪಿಸಿದೆ. ಆಗ ಅದು ಬೇಕಿತ್ತಂತೆ. ಒಪ್ಪಿದೆ. ಹಾಗಾದರೆ ಈಗ ತಪ್ಪು ಇವಳ ಬಾಯಿಯದು ಹೇಗಾಯಿತು? ಮುಂದಿನ ಪೇಷೆಂಟನ್ನು ಕರೆದರು.

ಅಮ್ಮ ಬದುಕಿದ್ದಾಗ ಇವಳನ್ನು "ಮೈಕೈ ತುಂಬಿಕೊಂಡವಳು" ಎಂದು ಬಂದವರೆದುರೆಲ್ಲ ಹೊಗಳುತ್ತಿದ್ದಳು. ಒಣಕಲು ಕಡ್ಡಿ ನಾನು. ಹೊಟ್ಟೆ ಉರಿಯುತ್ತಿತ್ತು.

ಏಪ್ರಿಲ್ ೧೯
ಬರೆಯಲು ಮನಸ್ಸಿರಲಿಲ್ಲ. ಒಂಬತ್ತು ಕೆಜಿ ಇಳಿದಿದ್ದಾಳೆ. ಊಟಕ್ಕೆ ಕರೆದರೆ, "ನಿನ್ನ ಕಿಡ್ನಿ ತಗೊಳ್ಳಲೋ, ನಿನ್ನ ಅಡುಗೆ ತಿನ್ನಲೋ? ಒಂದು ಹೇಳು." ಪಕ್ಕದ ಮನೆಯಾಕೆಗಂತೂ ಖುಷಿಯೋ ಖುಷಿ — ಎಷ್ಟು ಲಕ್ಷಣವಾಗಿ ಕಾಣುತ್ತಾಳಂತೆ. ಇವಳು ಮೆಟ್ಟಿಲ ಮೇಲೆ ಕೂತು ಕೂತು ಹತ್ತುವುದನ್ನು ಆಕೆ ನೋಡಿಲ್ಲ.

ಜೂನ್ ೧೧
ಇಳಿಯಿತು. ಹದಿನಾರು. ಕಾರಿಡಾರಿನಲ್ಲೇ ಅತ್ತುಬಿಟ್ಟೆ.

ಡಾಕ್ಟರ್ ಆ ಅಂಕಿಯ ಮೇಲೆ ಕಣ್ಣಾಡಿಸಿದರು, ಅಷ್ಟೆ. ಅವಳ ತೋಳು ಹಿಡಿದು ನೋಡಿದರು. ಕೈಯೂರದೆ ಕುರ್ಚಿಯಿಂದ ಏಳಲು ಹೇಳಿದರು. ಏಳಲಾಗಲಿಲ್ಲ.

"ಕರಗಿರೋದು ಬರೀ ಬೊಜ್ಜಲ್ಲಮ್ಮ, ಮಾಂಸಖಂಡಾನೂ. ಈಗ ಆಪರೇಷನ್ ತಡ್ಕೊಳ್ಳಲ್ಲ. ಚೆನ್ನಾಗಿ ತಿನ್ನಿಸಿ."

ತಿನ್ನಿಸಿ...

ಜೂನ್ ೨೩
ಮೆತ್ತಗೆ ಕಲಸಿದ ಅನ್ನ. ಎರಡು ತುತ್ತು, ಮೂರನೆಯದು ವಾಂತಿ. "ಹಸಿವು ಹೇಗಿರುತ್ತೆ ಅನ್ನೋದೇ ಮರೆತುಹೋಯ್ತಕ್ಕ." ತಮಾಷೆಗೆ ಹೇಳಿದಳು ಅಂದುಕೊಂಡೆ.

ಜುಲೈ ೨, ಸಂಜೆ
ಐಸಿಯು. ಸೋಂಕು ರಕ್ತಕ್ಕೆ ಹರಡಿದೆಯಂತೆ. ಬಳೆ ತೆಗೆಯುವ ಕೆಲಸವೇ ಇರಲಿಲ್ಲ, ತಾನಾಗಿ ಜಾರಿ ಬಂತು.

ನಡುವೆ ಅವಳಿಗೆ ಎಚ್ಚರವಾಯಿತು. "ಅಕ್ಕ, ಹೀಗೆ ಹೋದ್ರೆ ಅಮ್ಮ ನನ್ನ ಗುರುತು ಹಿಡೀತಾಳಾ?"

ಹಿಡಿಯುತ್ತಾಳೆ ಅಂದೆ. ನೋಡಿದ ಕೂಡಲೇ. ಯಾಕೆಂದರೆ ಅವಳು ನಿನ್ನ — ಒಳಗಿನಿಂದ ನರ್ಸ್ ಕೂಗುತ್ತಿದ್ದಾಳೆ.